ಉಪ್ಪಿನ ಉಗ್ರಾಣದ ಬಾಗಿಲು

ಕೆಂಪು ಮುಚ್ಚಳದ ಡಬ್ಬಿ ಬಾಗಿಲ ಬಳಿ ಕಾಯುತ್ತಾ ಕೂತಿತ್ತು. ನಾರೆ ಅದನ್ನು ಬೆಳಿಗ್ಗೆಯಿಂದ ಮೂರು ಸಲ ತೊಳೆದಿದ್ದಳು. ಆದರೂ ಒಳಮೈಗೆ ಹತ್ತಿದ ಮೆಣಸಿನ ಪುಡಿಯ ಕೆಂಪು ಹೋಗಿರಲಿಲ್ಲ. ತಳದಲ್ಲಿ ಅಮ್ಮ ಮಾರ್ಕರ್ ಪೆನ್ನಿನಿಂದ ಬರೆದಿದ್ದ ‘ನಾರೆ’ ಎಂಬ ಎರಡಕ್ಷರವೂ ಹಾಗೇ ಇತ್ತು. ಅದನ್ನು ಮಾತ್ರ ಅವಳು ಉಜ್ಜಲು ಹೋಗಿರಲಿಲ್ಲ.

ನಾಲ್ಕು ಗಂಟೆಗೆ ಕೊರಿಯರಿನವನು ಬರುತ್ತಾನೆ. ಡಬ್ಬಿ ಇವಳಿರುವ ಬುಚಾನ್‌ನಿಂದ ಗುನ್ಸಾನ್‌ಗೆ, ಅಕ್ಕ ಸುಲ್ಗಿಯ ಮನೆಗೆ ಹೋಗುತ್ತದೆ. ಖಾಲಿಯಾಗಿ ಹೋಗುತ್ತದೆ.

ಅಷ್ಟರಲ್ಲಿ ಮುನ್ನೂರ ಎರಡನೇ ಮನೆಯ ಅಜ್ಜಿ ಬಾಗಿಲು ತಟ್ಟಿದಳು. ಅಕ್ಕ ಕಳಿಸಿದ್ದ ಕಿಮ್ಚಿಯನ್ನು, ಆ ಖಾರದ ಕೋಸಿನ ಉಪ್ಪಿನಕಾಯಿಯನ್ನು, ನಾರೆ ಬಾಯಿಗೂ ಹಾಕಿಕೊಳ್ಳದೆ ಒಂದು ದೊಡ್ಡ ಬೋಗುಣಿಗೆ ಸುರಿದು ಈ ಅಜ್ಜಿಗೇ ಕೊಟ್ಟುಬಿಟ್ಟಿದ್ದಳು. ಬೋಗುಣಿ ಈಗ ಎಂಟು ಕಿತ್ತಳೆ ಹಣ್ಣು ಹೊತ್ತುಕೊಂಡು ವಾಪಸಾಗಿತ್ತು. ಅಜ್ಜಿಯ ಕಣ್ಣು ನೇರವಾಗಿ ಡಬ್ಬಿಯ ಮೇಲೆ ಬಿತ್ತು. ಮುಚ್ಚಳ ತೆಗೆದು ಇಣುಕಿದಳು.

“ಇದೇನೇ ಹುಡುಗಿ, ಗಾಳಿ ಪಾರ್ಸಲ್ ಮಾಡ್ತಿದ್ದೀಯಾ?”

“ಡಬ್ಬಿ ವಾಪಸ್ ಕಳಿಸ್ತಿದ್ದೀನಿ ಅಜ್ಜಿ.”

“ಖಾಲಿನಾ? ಕಿಮ್ಚಿ ಬಂದ ಡಬ್ಬೀನ ಖಾಲಿ ಕಳಿಸಿದ್ರೆ, ಇನ್ನು ನಿನಗೂ ನನಗೂ ಏನೂ ಇಲ್ಲ ಅಂದ ಹಾಗೇನೇ. ಗೊತ್ತು ತಾನೇ?”

“ಗೊತ್ತು.”

“ಗೊತ್ತಿದ್ದೂನಾ! ನಿಮ್ಮಮ್ಮ ಇದ್ದಿದ್ರೆ ಸೌಟು ತಗೊಂಡು ಬರ್ತಿದ್ಲು ನೋಡು.” ಅಜ್ಜಿ ಬೋಗುಣಿಯನ್ನು ಅವಳ ಕೈಗೆ ತುರುಕಿದಳು. “ಇನ್ಮೇಲೆ ಆ ಕಿಮ್ಚಿ ನನ್ನ ಗಂಟಲಲ್ಲಿ ಇಳಿಯುತ್ತಾ?” ಎಂದು ಗೊಣಗುತ್ತಾ ಹೋದಳು. ಆದರೆ ಅವಳ ತುಟಿಯಂಚಿನಲ್ಲಿ ಆಗಲೇ ಒಂದಿಷ್ಟು ಕೆಂಪು ಹತ್ತಿಕೊಂಡಿತ್ತು.

ಬಾಗಿಲು ಮುಚ್ಚಿಕೊಂಡಿತು. ಒಂದೇ ಕೋಣೆಯ ಆ ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ ಉಳಿಯಿತು. ಎರಡು ಗಂಟೆ ಕಳೆಯಬೇಕಿತ್ತು. ಭಾನುವಾರದ ಎರಡು ಗಂಟೆ ಎಂದರೆ ಒಂಟಿ ಹೆಂಗಸಿಗೆ ಎರಡು ದಿನ. ನಾರೆ ನೆಲದ ಮೇಲೆ ಹಾಸಿಗೆ ಹರಡಿ, ಕಾಲ ಮೇಲೆ ಕಂಬಳಿ ಎಳೆದುಕೊಂಡು ಟಿವಿ ಹಾಕಿದಳು. ಉಪ್ಪಿನ ಸಿನಿಮಾ. ಹನ್ನೆರಡನೆಯ ಸಲವೋ ಹದಿಮೂರನೆಯದೋ.

ಅದಕ್ಕೆ ಬೇರೆ ಹೆಸರಿತ್ತು. ಅಕ್ಕತಂಗಿಯರ ಬಾಯಲ್ಲಿ ಮಾತ್ರ ಅದು ಉಪ್ಪಿನ ಸಿನಿಮಾ. ಗುನ್ಸಾನ್ ಬಂದರಿನ ಹಿಂದಿನ ಬೀದಿಯಲ್ಲಿ ಅಪ್ಪನದೊಂದು ವಿಡಿಯೋ ಕ್ಯಾಸೆಟ್ ಅಂಗಡಿ ಇತ್ತು. ಕ್ಯಾಸೆಟ್ ವಾಪಸ್ ಕೊಡಲು ತಡಮಾಡಿದ ಗಿರಾಕಿಗಳ ಮನೆಗೆ ಅಪ್ಪ ಸೈಕಲ್ ತುಳಿದುಕೊಂಡು ಹೋದ ಮಧ್ಯಾಹ್ನಗಳಲ್ಲಿ ಅಂಗಡಿಯ ಹಿಂಕೋಣೆ ಇವರಿಬ್ಬರ ರಾಜ್ಯ. ಅಕ್ಕನಿಗೆ ಹದಿನಾರು, ತಂಗಿಗೆ ಹನ್ನೊಂದು. ಕ್ಯಾಸೆಟ್ಟಿನ ಮೇಲೆ ಮಕ್ಕಳು ನೋಡಬಾರದೆಂಬ ಕೆಂಪು ಚೀಟಿ.

ಉಪ್ಪಿನ ಗದ್ದೆಯಲ್ಲಿ ದುಡಿಯುವ ಒಬ್ಬ ಬಡಪಾಯಿ; ಅವನ ತಮ್ಮನನ್ನು ಕೊಂದ ಒಬ್ಬ ಧಣಿ. ಬಡಪಾಯಿ ಹದಿಮೂರು ವರ್ಷ ಕಾಯುತ್ತಾನೆ. ಕಾದೂ ಕಾದೂ ಒಂದು ಮಳೆಯ ದಿನ ಧಣಿಯನ್ನು ಉಪ್ಪಿನ ಉಗ್ರಾಣಕ್ಕೆ ಎಳೆದು ತರುತ್ತಾನೆ. ಮರದ ಬಾಗಿಲು ಕಿರುಗುಟ್ಟಿ ಮುಚ್ಚಿಕೊಳ್ಳುತ್ತದೆ. ಸರಿಯಾಗಿ ಆಗಲೇ ಅಕ್ಕನ ಅಂಗೈ ಬಂದು ನಾರೆಯ ಕಣ್ಣಿನ ಮೇಲೆ ಕೂರುತ್ತಿತ್ತು.

“ನೋಡಬೇಡ. ನಾನು ಹೇಳ್ತೀನಿ. ಧಣಿ ಕಾಲಿಗೆ ಬಿದ್ದ. ಗೊಳೋ ಅಂತ ಅಳ್ತಿದ್ದಾನೆ, ಮೂಗಲ್ಲೆಲ್ಲಾ ಸಿಂಬಳ. ಥೂ! ಇವನು ಬಾಗಿಲು ತೆಗೆದ. ಹೋಗು ಅಂದ. ಧಣಿ ಓಡ್ತಿದ್ದಾನೆ, ಒಂದು ಬೂಟು ಕೆಸರಲ್ಲೇ ಸಿಕ್ಕೊಂಡ್ತು. ದೋಣಿ ಹತ್ತಿದ. ಹೋದ.”

ಸಿನಿಮಾದ ಉಗ್ರಾಣದೊಳಗೆ ಒಂದು ಮಾತೂ ಇರಲಿಲ್ಲ, ತಗಡಿನ ಮೇಲೆ ಮಳೆ ಸುರಿಯುವ ಸದ್ದು ಮಾತ್ರ. ಅಂಗೈ ಸರಿದಾಗ ಬಿಳೀ ಉಪ್ಪಿನ ಗದ್ದೆಯಲ್ಲಿ ನಾಯಕನೊಬ್ಬನೇ ನಡೆದು ಹೋಗುತ್ತಿದ್ದ. ದೊಡ್ಡವಳಾದ ಮೇಲೂ ಆ ಬಾಗಿಲು ಮುಚ್ಚಿದೊಡನೆ ನಾರೆಯ ಕಣ್ಣುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಕತ್ತಲಲ್ಲಿ ಅಕ್ಕನ ದನಿ ಧಣಿಯನ್ನು ದೋಣಿ ಹತ್ತಿಸುತ್ತಿತ್ತು. ಬೂಟಿನ ಜಾಗದಲ್ಲಿ ಅವಳಿಗೆ ಪ್ರತಿ ಸಲವೂ ನಗು ಬರುತ್ತಿತ್ತು.

ಇವತ್ತೂ ಬಾಗಿಲು ಕಿರುಗುಟ್ಟಿತು. ಇವತ್ತೂ ಕಣ್ಣು ಮುಚ್ಚಿದಳು. ದನಿಯೂ ಬಂತು, ಆದರೆ ಮಾತು ಬೇರೆ.

“ಅಮ್ಮ ಚೆನ್ನಾಗಿದ್ದಾಳೆ ಕಣೇ. ಬೆಳಿಗ್ಗೆ ಗಂಜಿ ಕುಡಿದ್ಲು. ಪಕ್ಕದ ಮಂಚದ ಮುದುಕಿ ಜೊತೆ ಜಗಳ ಬೇರೆ ಆಡಿದ್ಲು! ನೀನು ಓದ್ಕೋ.”

ಎರಡು ವರ್ಷದ ಹಿಂದೆ ಅಕ್ಕ ಆಸ್ಪತ್ರೆಯಿಂದ ಫೋನಿನಲ್ಲಿ ಹೇಳಿದ ಮಾತು ಅದು. ನಾರೆ ಸರ್ಕಾರಿ ನೌಕರಿಯ ಪರೀಕ್ಷೆಗೆ ನಾಲ್ಕನೆಯ ಸಲ ಕೂತಿದ್ದಳು. ಪರೀಕ್ಷೆ ಮುಗಿಸಿ ಫೋನು ತೆರೆದಾಗ ಅಮ್ಮ ಹೋಗಿ ಮೂರು ಗಂಟೆಯಾಗಿತ್ತು. ಅಮ್ಮ ಗಂಜಿ ಕುಡಿದು ವಾರವೇ ಕಳೆದಿತ್ತು ಎಂದು ಆಮೇಲೆ ತಿಳಿಯಿತು. ಕೊನೆಯುಸಿರಿನ ಹೊತ್ತಿಗೆ ಪಕ್ಕದಲ್ಲಿರದ ಮಗಳು ಎಂದು ಸಾವಿನ ಮನೆಯಲ್ಲಿ ಚಿಕ್ಕಮ್ಮಂದಿರು ಅವಳ ಬೆನ್ನ ಹಿಂದೆ ಪಿಸುಗುಟ್ಟಿದರು. ಅವಳು ಪಾಸಾದಳು. ಅಕ್ಕನ ಜೊತೆ ಮಾತು ಬಿಟ್ಟಳು. ಅಕ್ಕ ಮಾತ್ರ ಪ್ರತಿ ಚಳಿಗಾಲವೂ, ಚೀಟಿಯಿಲ್ಲದೆ, ಫೋನಿಲ್ಲದೆ, ಡಬ್ಬಿ ಕಳಿಸುತ್ತಲೇ ಇದ್ದಳು.

ದೋಣಿಯ ದನಿಯೂ ಗಂಜಿಯ ದನಿಯೂ ಒಂದೇ ಆಗಿತ್ತು. ಅದೇ ಅವಸರ, ಅದೇ ನಗಿಸುವ ಒಗ್ಗರಣೆ. ನಾರೆ ಕಣ್ಣು ಬಿಟ್ಟಳು.

ಧಣಿ ಯಾರ ಕಾಲಿಗೂ ಬಿದ್ದಿರಲಿಲ್ಲ. ಉಪ್ಪು ಎಳೆಯುವ ಮರದ ಹಲಗೆ ಮೇಲೆದ್ದಿತು, ಇಳಿಯಿತು, ಮತ್ತೆ ಎದ್ದಿತು. ಬಿಳೀ ರಾಶಿ ಬುಡದಿಂದ ಮೆಲ್ಲಗೆ ಕೆಂಪಾಯಿತು. ಆಮೇಲೆ ಕೊಂದವನು ಸತ್ತವನ ಪಕ್ಕದಲ್ಲೇ ಕುಸಿದು ಕೂತ. ಹೆದರಿದ ಮಗುವಿನ ಹಾಗೆ ಬಾಯಿ ತೆರೆದ, ದನಿ ಹೊರಡಲಿಲ್ಲ. ಕ್ಯಾಮೆರಾ ಆ ಮುಖವನ್ನು ಬಿಟ್ಟು ಕದಲಲೇ ಇಲ್ಲ.

ನಾರೆಯ ಕೈ ಬಾಯಿಯ ಮೇಲಿತ್ತು. ಕಿತ್ತಳೆ ಸಿಪ್ಪೆಯ ವಾಸನೆಯ, ಸದಾ ಒದ್ದೆಯಾಗಿರುತ್ತಿದ್ದ ಅಕ್ಕನ ಅಂಗೈ ಅವಳಿಗೆ ನೆನಪಾಯಿತು. ಸೆಖೆಗೆ ಬೆವರುತ್ತದೆ ಎಂದುಕೊಂಡಿದ್ದಳು. ಆ ಕೋಣೆಯಲ್ಲಿ ಸೆಖೆಯೇ ಇರುತ್ತಿರಲಿಲ್ಲ. ಹದಿನಾರರ ಹುಡುಗಿ ಈ ಮುಖವನ್ನು ಕಣ್ಣು ತೆರೆದು ನೋಡುತ್ತಾ, ಬಾಯಲ್ಲಿ ಬೂಟಿನ ಕಥೆ ಕಟ್ಟುತ್ತಿದ್ದಳು. ಅವಳ ಕಣ್ಣು ಮುಚ್ಚಲು ಯಾರಿದ್ದರು? ಆಸ್ಪತ್ರೆಯಲ್ಲಿ ತಾನೇ ಯಾರಿದ್ದರು?

ಸಿನಿಮಾ ನಿಲ್ಲಿಸಿ ಫೋನು ಹಚ್ಚಿದಳು. ಆರನೆಯ ರಿಂಗಿಗೆ ಅಕ್ಕ ಎತ್ತಿದಳು. ಹಿಂದೆ ನಲ್ಲಿ ಸುರಿಯುತ್ತಿತ್ತು.

“ಅಕ್ಕ, ಧಣಿ ದೋಣಿ ಹತ್ತಲೇ ಇಲ್ಲ.”

ನಲ್ಲಿ ನಿಂತಿತು.

“ನೋಡ್ಬಿಟ್ಯಾ?”

“ನೋಡ್ದೆ.”

“ನೋಡಬೇಡ ಅಂತ ಬಡ್ಕೊಂಡಿರ್ಲಿಲ್ವೇನೇ, ಹುಚ್ಚಿ.” ಅಕ್ಕನ ದನಿ ಒಡೆಯಿತು. “ಆ ಮುಖ ಈಗ್ಲೂ ನನ್ನ ಕನಸಲ್ಲಿ ಬರುತ್ತೆ.”

“ಅಕ್ಕ… ಅಮ್ಮನ ಕೊನೇ ದಿನ ಹೇಳು. ಇದ್ದದ್ದು ಇದ್ದ ಹಾಗೆ. ಗಂಜಿ ಬೇಡ, ಮುದುಕಿ ಬೇಡ.”

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು.

“ಮುದುಕಿ ನಿಜವಾಗ್ಲೂ ಇದ್ಲು,” ಎಂದಳು ಅಕ್ಕ. “ಮಿಕ್ಕಿದ್ದು ಫೋನಲ್ಲಿ ಆಗಲ್ಲ. ಬಂದ್ರೆ ಹೇಳ್ತೀನಿ.”

ಫೋನು ಇಟ್ಟಳೋ ಇಲ್ಲವೋ, ಬಾಗಿಲ ಗಂಟೆ ಬಡಿಯಿತು. ಕೊರಿಯರಿನವನು ಏದುಸಿರು ಬಿಡುತ್ತಾ ನಿಂತಿದ್ದ. “ಗುನ್ಸಾನ್ ಡಬ್ಬಿ ಇದೇನಾ?”

“ಇದೇ. ಆದ್ರೆ ಕಳಿಸಲ್ಲ. ನಾನೇ ತಗೊಂಡು ಹೋಗ್ತೀನಿ.”

“ಅಮ್ಮಾ ತಾಯಿ, ಲಿಫ್ಟಿಲ್ಲದ ಮನೆ! ಮೂರು ಮಹಡಿ ಹತ್ತೋಕ್ ಮುಂಚೆ ಒಂದು ಮೆಸೇಜ್ ಹಾಕಬಾರ್ದಿತ್ತಾ?”

ನಾರೆ ಎರಡು ಕಿತ್ತಳೆ ಅವನ ಕೈಗಿಟ್ಟಳು. ಅವನು ಗೊಣಗುತ್ತಲೇ ಒಂದನ್ನು ಸುಲಿದುಕೊಂಡು ಇಳಿದು ಹೋದ.

ಉಳಿದ ಆರನ್ನು ಅವಳು ಡಬ್ಬಿಗೆ ಹಾಕಿದಳು. ಅಷ್ಟು ದೊಡ್ಡ ಡಬ್ಬಿಗೆ ಆರು ಹಣ್ಣು ತಳಕ್ಕೂ ಸಾಲಲಿಲ್ಲ. ಎತ್ತಿದರೆ ಗುಡುಗುಡು ಉರುಳಿದವು. ಮುಚ್ಚಳ ಒತ್ತಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಗುನ್ಸಾನ್‌ಗೆ ಶನಿವಾರದ ಮೊದಲ ಬಸ್ಸು ಎಷ್ಟು ಹೊತ್ತಿಗೆಂದು ಹುಡುಕತೊಡಗಿದಳು. ಟಿವಿಯಲ್ಲಿ ಆ ಮುಖ ಬಾಯಿ ತೆರೆದು ಹಾಗೇ ನಿಂತಿತ್ತು.