ಜರಡಿಗೊಂದು ವಿವರಣೆ

ಏಲಕ್ಕಿ ಕುಟ್ಟಿ ಹಾಕಿದ ಸಿಹಿ ಬ್ರೆಡ್ ಒಲೆಯಿಂದ ಇಳಿಯುವಾಗಿನ ವಾಸನೆ: ಆರ್ಡಿಸ್ ಕೊಸ್ಕೆಲಾಳ ಬಾಲ್ಯವೆಂದರೆ ಅದೇ. ಹೊರಗೆ ಸರೋವರದ ಗಾಳಿ ಕಿಟಕಿಗಳನ್ನು ಅಲ್ಲಾಡಿಸುತ್ತಿದ್ದರೆ, ಅಮ್ಮ ತುದಿಯ ಗಟ್ಟಿ ತುಂಡನ್ನು ತಾನಿಟ್ಟುಕೊಂಡು ನಡುವಿನ ಮೆತ್ತನೆಯದನ್ನು ಮಕ್ಕಳಿಗೆ ಕೊಡುತ್ತಿದ್ದಳು. ಈಗ ಅವಳು ಕೆಲಸ ಮಾಡುವ ಡುಲೂತ್ ಊರಿನ ಸಹಕಾರಿ ಅಂಗಡಿಗೆ ಶುಕ್ರವಾರ ಬೆಳಿಗ್ಗೆ ಸುತ್ತಲಿನ ಬೇಕರಿಗಳ ಬ್ರೆಡ್ ಬಂದಿಳಿದಾಗ ಅದೇ ವಾಸನೆ ಮಹಡಿ ಹತ್ತಿ ಅವಳ ಮೇಜಿನವರೆಗೂ ಬರುತ್ತದೆ. ಬೇರೆ ದಿನವಾಗಿದ್ದರೆ ಹಿಗ್ಗುತ್ತಿದ್ದಳು. ಅಂದು ಮಾತ್ರ ಬ್ರೆಡ್ಡಿನ ಹೆಸರೆತ್ತಿದರೇ ಮೈ ಉರಿಯುತ್ತಿತ್ತು.

ಸೋಮವಾರದಿಂದ ಅಂಗಡಿಯ ಹೊಸ ಸಾಧನ ಶುರುವಾಗಬೇಕಿತ್ತು. ಎಲ್ಲರೂ ಅದನ್ನು ಜರಡಿ ಎನ್ನುತ್ತಿದ್ದರು. ಗಿರಾಕಿ ತನ್ನ ಫೋನಿನ ಎಐ ಏಜೆಂಟಿಗೆ ಬೇಕಾದ್ದನ್ನು ಹೇಳಿದರೆ, ಏಜೆಂಟು ಜರಡಿಯನ್ನು ಕೇಳಿ, ಬೆಲೆ, ಊರು, ಬೇಡವಾದ ಪದಾರ್ಥ ಎಲ್ಲ ನೋಡಿ ಸಾಮಾನು ಆರಿಸಿಕೊಡುತ್ತದೆ. ಏಜೆಂಟಿಗೆ ಕಪಾಟು ಕಾಣುವುದಿಲ್ಲ, ಮೂಗೂ ಇಲ್ಲ. ಜರಡಿಯ ಬಗ್ಗೆ ಬರೆದಿಟ್ಟ ವಿವರಣೆಯೊಂದೇ ಅದರ ಕಣ್ಣು. ಆ ವಿವರಣೆಯನ್ನು ಬರೆದವಳು ಆರ್ಡಿಸ್.

ಜರಡಿ ಕಟ್ಟಿದ ಕೆಂಗ್ ವಾಂಗ್ ಬೆಳಿಗ್ಗೆ ಪರೀಕ್ಷೆಗೆಂದು ಏಜೆಂಟನ್ನು ಎಳ್ಳಿಲ್ಲದ ಬ್ರೆಡ್ ಕೇಳಿದ್ದ. ಅದು ಖುಷಿಯಿಂದ ಹತ್ತಿರದ ಕ್ಲೋಕೆ ಊರಿನ ಬೇಕರಿಯೊಂದರ, ರೈ ಧಾನ್ಯದ ಹಿಟ್ಟಿನ ಬ್ರೆಡ್ ತೋರಿಸಿತು. ಆ ಬೇಕರಿ ಎಳ್ಳಿನ ಬಗ್ಗೆ ಏನನ್ನೂ ತಿಳಿಸಿರಲಿಲ್ಲ, ಜಾಗ ಖಾಲಿ ಬಿಟ್ಟಿತ್ತು. ಆರ್ಡಿಸ್ ಕೆಳಗೆ ಹೋಗಿ ಬ್ರೆಡ್ ಮಗುಚಿ ನೋಡಿದರೆ, ತಳದಲ್ಲಿ ಎಳ್ಳೋ ಎಳ್ಳು.

ಮನೆಮನೆಗೆ ಸಾಮಾನು ಮುಟ್ಟಿಸುವ ವ್ಯಾನಿನ ಚಾಲಕ ಗೇಲೆನ್‌ನ ಮಗಳು ಬ್ರಿಟಾಗೆ ಎಳ್ಳು ವಿಷ. ಚಳಿಗಾಲದಲ್ಲಿ ಒಂದು ಬಿಸ್ಕತ್ತಿನಿಂದ ಆಸ್ಪತ್ರೆ ಸೇರಿ ಬಂದ ಹುಡುಗಿ. ದಿನವಿಡೀ ವ್ಯಾನಿನಲ್ಲಿರುವ ಗೇಲೆನ್, ಇನ್ನು ಮೇಲೆ ಮನೆಯ ಸಾಮಾನನ್ನೆಲ್ಲ ಜರಡಿಯಿಂದಲೇ ತರಿಸುತ್ತೇನೆಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

"ಏಜೆಂಟು ಪೆದ್ದು, ಅಷ್ಟೇ," ಎಂದ ಕೆಂಗ್. "ಖಾಲಿ ಅಂತ ಉತ್ತರದಲ್ಲೇ ಬರತ್ತೆ. ನೋಡೋಕೇನು ರೋಗ ಅದಕ್ಕೆ? ದಪ್ಪಕ್ಷರದಲ್ಲಿ 'ಹುಷಾರ್, ಹುಷಾರ್' ಅಂತ ನಾಲ್ಕು ಸಲ ಬರೆದುಬಿಡಿ ಅಜ್ಜಿ."

"ಅಜ್ಜಿ ನಿಮ್ಮಮ್ಮನ ಅಮ್ಮ. ಖಾಲಿ ಇರೋದನ್ನೆಲ್ಲ ಜರಡಿನೇ ತೆಗೆದುಹಾಕಿದ್ರೆ?"

"ಉಪ್ಪು, ಸೇಬು ಎಲ್ಲ ಮಾಯ ಆಗತ್ತೆ. ಸೇಬಲ್ಲಿ ಎಳ್ಳಿಲ್ಲ ಅಂತ ಯಾರು ಬರ್ಕೊಡ್ತಾರೆ?"

ಅದೂ ನಿಜವೇ. ಆರ್ಡಿಸ್ ತನ್ನ ವಿವರಣೆಯನ್ನು ಮತ್ತೊಮ್ಮೆ ಓದಿಕೊಂಡಳು. ಚೆನ್ನಾಗಿಯೇ ಇತ್ತು. ಓದಿದವರ ಚಿಂತೆ ಕಡಿಮೆ ಮಾಡುವಂಥ ಮಾತುಗಳು. ಆದರೂ ಮನಸ್ಸು ಒಪ್ಪಲಿಲ್ಲ. ಆಗಲೇ ಗೇಲೆನ್ ರಶೀದಿ ಒಯ್ಯಲು ಮೇಲೆ ಬಂದ.

"ಗೇಲೆನ್, ಒಂದು ನಿಮಿಷ ಏಜೆಂಟ್ ಆಗ್ತೀಯಾ?"

"ಸಂಬಳ ಜಾಸ್ತೀನಾ?"

"ಕಾಫಿ ಸಿಗತ್ತೆ. ನಿಂಗೆ ಅಂಗಡಿ ಗೊತ್ತಿಲ್ಲ, ಬ್ರೆಡ್ ಕಂಡಿಲ್ಲ. ಈ ವಿವರಣೆ ಓದು, ಜರಡಿ ಕೊಟ್ಟ ಉತ್ತರ ನೋಡು. ಎಳ್ಳು ಆಗದ ಮಗುವಿಗೆ ಒಂದು ಬ್ರೆಡ್ ಆರಿಸು."

ಗೇಲೆನ್ ಕುರ್ಚಿ ಎಳೆದುಕೊಂಡು ತುಟಿಯಾಡಿಸುತ್ತ ಓದಿದ. "'ನಿಮ್ಮ ಮನೆಯವರಿಗೆ ಸುರಕ್ಷಿತವಾದ ತಿನಿಸನ್ನಷ್ಟೇ ಆರಿಸಿಕೊಡುತ್ತದೆ.' ಸರಿ ಹಂಗಾದ್ರೆ." ಅವನ ಬೆರಳು ಪರದೆಯ ಮೇಲೆ ಇಳಿಯುತ್ತ ಬಂದು ಒಂದು ಕಡೆ ನಿಂತಿತು. "ಇದು. ರೈ ಬ್ರೆಡ್. ಬೆಲೆನೂ ಕಮ್ಮಿ."

ಕೆಂಗ್ ಕೀಲಿಮಣೆಯಿಂದ ಕೈ ತೆಗೆದ.

"ಅದರ ತಳದ ತುಂಬ ಎಳ್ಳಿದೆ, ಗೇಲೆನ್," ಎಂದಳು ಆರ್ಡಿಸ್.

ಅವನ ಮುಖ ಬಿಳಿಚಿಕೊಂಡಿತು. "ಆದ್ರೆ ಇಲ್ಲಿ ಸುರಕ್ಷಿತ ಅಂತ... ಖಾಲಿ ಅಂದ್ರೆ ಎಳ್ಳಿಲ್ಲ ಅಂತ ತಾನೆ?"

"ಅಲ್ಲ. ನಮಗೆ ಗೊತ್ತಿಲ್ಲ ಅಂತ." ಅವಳು ಅವನ ಭುಜ ತಟ್ಟಿದಳು. "ತಪ್ಪು ನಿಂದಲ್ಲ, ಏಜೆಂಟಿಂದೂ ಅಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಂಗಾಯ್ತು ನಮ್ಮ ಕತೆ. ಅಂಗಡಿ ಕರಪತ್ರಕ್ಕೆ ಬರೆಯೋ ಹಂಗೆ ಬರೆದಿದೀನಿ. ಕರಪತ್ರ ಓದೋರು ಅರ್ಧ ನಂಬ್ತಾರೆ. ಇದು ಪೂರ್ತಿ ನಂಬತ್ತೆ."

ಈಗ ದಾರಿ ಕಂಡಿತು. ದಾರಿ ಕಂಡ ಮೇಲೆ ಅವಳ ಕೈ ತಡೆಯುವುದಿಲ್ಲ. ಮೊದಲ ಸಾಲನ್ನೇ ಹೊಡೆದುಹಾಕಿದಳು. ಹೊಸದಾಗಿ ಬರೆದಳು: 'ಎಳ್ಳು ಬೇಡ ಎಂದು ಕೇಳಿದರೆ, ಎಳ್ಳಿದೆ ಎಂದು ನಮಗೆ ತಿಳಿದ ಸಾಮಾನನ್ನು ಮಾತ್ರ ಈ ಜರಡಿ ತೆಗೆದುಹಾಕುತ್ತದೆ. ಜಾಗ ಖಾಲಿ ಇದ್ದರೆ, ತಯಾರಿಸಿದವರು ಏನನ್ನೂ ತಿಳಿಸಿಲ್ಲ ಎಂದರ್ಥ. ಅದರಲ್ಲಿ ಎಳ್ಳು ಇರಬಹುದು. ಗಿರಾಕಿಗೆ ಅಲರ್ಜಿ ಇದ್ದರೆ, ಎಳ್ಳಿಲ್ಲ ಎಂದು ಸ್ಪಷ್ಟವಾಗಿ ಬರೆದದ್ದನ್ನೇ ಸೂಚಿಸು. ಅಂಥದ್ದು ಸಿಗದಿದ್ದರೆ ಸಿಗಲಿಲ್ಲ ಎಂದು ಹೇಳು, ಷರತ್ತು ಸಡಿಲಿಸಬೇಡ.' ಕೆಳಗೆ ಒಂದು ಉದಾಹರಣೆ ಹಾಕಿದಳು, ಅದೇ ರೈ ಬ್ರೆಡ್ಡಿನದು. ಕೆಂಗ್ ಪಕ್ಕದಲ್ಲಿ ನಿಂತು, ಜರಡಿ ನಿಜಕ್ಕೂ ಹೀಗೇ ಮಾಡುತ್ತದೆಯೇ ಎಂದು ಸಾಲು ಸಾಲಾಗಿ ತಾಳೆ ನೋಡಿದ. ಒಂದು ಕಡೆ ಅವಳನ್ನೂ ತಿದ್ದಿದ.

"ಹುಷಾರ್ ಅಂತ ಒಂದ್ಸಲನಾದ್ರೂ ಹಾಕಿ."

"ಹೆದರಿಸಬೇಡ ಮಾರಾಯ. ಏನು ಮಾಡ್ಬೇಕು ಅಂತ ಹೇಳು, ಸಾಕು."

ಗೇಲೆನ್ ತನ್ನ ಫೋನಿನಲ್ಲೇ ಕೇಳಿದ. ಏಜೆಂಟ್ ಹೇಳಿತು: ಎಳ್ಳಿಲ್ಲವೆಂದು ಖಚಿತವಾಗಿ ಬರೆದಿರುವುದು ಓಟ್ಸ್ ಬ್ರೆಡ್ ಒಂದೇ, ರೈ ಬ್ರೆಡ್ಡಿನ ಬಗ್ಗೆ ಮಾಹಿತಿ ಇಲ್ಲ, ಬೇಕರಿಯನ್ನು ಕೇಳದೆ ಮಗುವಿಗೆ ಕೊಡಬೇಡಿ. ಗೇಲೆನ್ ಅದನ್ನು ಮತ್ತೊಮ್ಮೆ ಹೇಳಿಸಿದ. ಆಮೇಲೆ ಬೇಕೆಂದೇ ಬೇರೆ ಮಾತಿನಲ್ಲಿ ಕೇಳಿ ದಾರಿ ತಪ್ಪಿಸಲು ನೋಡಿದ. ಅದು ಜಗ್ಗಲಿಲ್ಲ.

"ನನ್ನ ಅತ್ತೆಗಿಂತ ಗಟ್ಟಿ ಇದು," ಎನ್ನುತ್ತ ಕಣ್ಣೊರೆಸಿಕೊಂಡು, ಓಟ್ಸ್ ಬ್ರೆಡ್ ತೆಗೆದಿಡಲು ಕೆಳಗೆ ಓಡಿದ.

ಎಳ್ಳಿನ ಮಟ್ಟಿಗೆ ಸೋಮವಾರದ ಬಗ್ಗೆ ಆರ್ಡಿಸ್‌ಗೆ ಈಗ ಅಳುಕಿರಲಿಲ್ಲ. ಆದರೆ ಎಳ್ಳಿನ ಸಾಲು ತಪ್ಪಿದ್ದರೆ ಹಾಲು, ಕಡಲೆಕಾಯಿ, ಗೋಧಿಯ ಸಾಲುಗಳೂ ಅದೇ ಕೈ ಬರೆದವು. ಊಟದ ಹೊತ್ತಾಯಿತೆಂದು ಎಲ್ಲರೂ ಎದ್ದರು. ಅವಳು ಅವನ್ನೂ ತಿದ್ದಲು ಕೂತು ಹಾಲಿನ ಸಾಲಿಗೆ ಬಂದಿದ್ದಳು. ಮನೆಯಿಂದ ಏನೂ ತಂದಿರಲಿಲ್ಲ, ಅದು ನೆನಪೂ ಇರಲಿಲ್ಲ.

ಕೆಂಗ್ ತನ್ನ ತಾಯಿ ಕಟ್ಟಿಕೊಟ್ಟ ಡಬ್ಬಿ ಬಿಚ್ಚಿದ. ಅಂಟನ್ನದ ಮುದ್ದೆಯನ್ನು ಎರಡು ಮಾಡಿ, ಸಾಸಿವೆಸೊಪ್ಪಿನ ಜೊತೆ ಬೇಯಿಸಿದ ಹಂದಿಮಾಂಸದಲ್ಲಿ ದೊಡ್ಡ ಪಾಲನ್ನೇ ಮುಚ್ಚಳಕ್ಕೆ ಹಾಕಿ, ಖಾರದ ಚಟ್ನಿಯನ್ನು ಒಂದು ಬದಿಗೆ ಇಟ್ಟು, ಅವಳ ಮೊಣಕೈಯ ಹತ್ತಿರ ಮೆಲ್ಲಗೆ ಸರಿಸಿದ.