ಇಪ್ಪತ್ತೆಂಟನೆಯ ದಿನ

ಟಿಕ್, ಮತ್ತೆ ಟಿಕ್, ಗಡಿಯಾರವಿರಬೇಕು, ಈ ಕತ್ತಲೆಕೋಣೆಗೆ ಗಡಿಯಾರ ಎಲ್ಲಿಂದ ಬಂತು, ಹೊರಗೆ ಬೆಳಗಿನ ಹನ್ನೊಂದರ ಬಿಸಿಲು, ಒಳಗೆ ಕಪ್ಪು ಪರದೆ, ದೀಪ, ನಾನು, ಕಾವುಪೆಟ್ಟಿಗೆಯಲ್ಲಿ ಏಳು ಮೊಟ್ಟೆ, ಟಿಕ್, ಮೂರನೆಯ ಮೊಟ್ಟೆ, ಚಿಪ್ಪಿನ ಮೇಲೆ ಸಾಸಿವೆಯಷ್ಟು ಬಿರುಕು, ಒಳಗಿಂದ ಕೊಕ್ಕು ತಟ್ಟುತ್ತಿದೆ, ಅಯ್ಯೋ ನನ್ನ ಕಂದಾ, ಬಂತು, ಅವಳ ಹಕ್ಕಿ ಬಂತು — ಆದರೆ ಇವತ್ತು ಇಪ್ಪತ್ತೆಂಟು. ಗೋಡೆಯ ಮೇಲೆ ದಿನಕ್ಕೊಂದು ಗೀಟು ಎಳೆದವಳು ನಾನೇ, ಬರಬೇಕಾದದ್ದು ಮೂವತ್ತನಾಲ್ಕಕ್ಕೆ, ಅಮ್ಮಾ ಇದು ನಿನ್ನ ಬಾತುಕೋಳಿಗಳ ಹಾಗೆ ಅವಸರದ ಗಿರಾಕಿ ಅಲ್ಲ, ಮೂವತ್ನಾಲ್ಕು ದಿನ ಕಾಯಿಸುತ್ತೆ, ಅಂತ ದೊಡ್ಡ ಮಗಳು ಫೋನಿನಲ್ಲಿ ಎಷ್ಟು ಸಲ ಹೇಳಿ ನಕ್ಕಿದ್ದಳು, ಎಂಬತ್ತು ವರ್ಷದ ಹಿಂದೆ ಕೊನೆಯದು ಸತ್ತು ಭೂಮಿಯ ಮೇಲೇ ಇಲ್ಲವಾದ ಹಕ್ಕಿ, ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿ ನಿಲ್ಲಿಸಿದ್ದ ಒಂದರ ಕಾಲಿನ ಚರ್ಮ ಕೆರೆದು ತಂದು ನಾಲ್ಕು ವರ್ಷ ಲ್ಯಾಬಿನಲ್ಲಿ ಕೂತಿದ್ದಳು, ಅದರ ಬೀಜವನ್ನು ಬಾತಿನ ಹೊಟ್ಟೆಗೆ ಸೇರಿಸಿದರೆ ಬಾತು ಇಡುವ ಮೊಟ್ಟೆಯೊಳಗೆ ಈ ಹಕ್ಕಿ ಇರುತ್ತದಂತೆ, ಚಿಪ್ಪು ಮಾತ್ರ ಬಾತಿನದು, ನನಗೆ ತಲೆಬುಡ ಅರ್ಥವಾಗದಿದ್ದರೂ ಹೂಂ ಹೂಂ ಅನ್ನುತ್ತಿದ್ದೆ. ಅವಳು ಹೋಗಿ ಐದು ತಿಂಗಳಿಗೆ ಅವಳ ಪ್ರೊಫೆಸರು ಥರ್ಮಕೋಲಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ಹ್ಯಾಚರಿಗೆ ಬಂದರು, ನಮ್ಮ ಮಷೀನಿನಲ್ಲಿ ಒಂದೂ ಉಳೀಲಿಲ್ಲ ಅಮ್ಮ, ಅವಳು ಯಾವಾಗ್ಲೂ ಹೇಳ್ತಿದ್ಲು, ನಮ್ಮಮ್ಮನ ಕೈಗೆ ಕೊಟ್ಟು ನೋಡಿ ಅಂತ, ಮೂವತ್ತು ವರ್ಷ ಬಾತುಮರಿ ಮಾಡಿಸಿದ ಈ ಕೈಗಳನ್ನು ಎರಡನ್ನೂ ಒಡ್ಡಿದೆ, ಅವತ್ತು ಐದು ತಿಂಗಳಲ್ಲಿ ಮೊದಲ ಸಲ ಹೊಟ್ಟೆತುಂಬ ಉಂಡೆ.

ಇಪ್ಪತ್ತೆಂಟು ಬಾತಿನ ಲೆಕ್ಕ. ಇರಲಿ, ಹಕ್ಕಿ ಏನು ಪುಸ್ತಕ ಓದಿಕೊಂಡು ಹುಟ್ಟುತ್ತದೆಯೇ, ಬರೆದವನೇ ಎಣಿಸುವುದರಲ್ಲಿ ತಪ್ಪಿರಬಹುದು, ಎಂದುಕೊಳ್ಳುತ್ತ ಎತ್ತಿ ತಿರುಗಿಸಿದೆ, ಇಷ್ಟು ದಿನ ಕಣ್ಣೆದುರಿಗಿದ್ದೂ ನಾನು ನೋಡದೆ ಬಿಟ್ಟ ಪೆನ್ಸಿಲಿನ ಗುರುತು ಇವತ್ತು ಕಂಡಿತು, ದಿನಕ್ಕೆ ಐದು ಸಲ ಮೊಟ್ಟೆ ಮಗುಚಬೇಕಲ್ಲ, ಯಾವ ಮಗ್ಗುಲು ಆಯಿತು ಎಂದು ತಿಳಿಯಲು ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಅಡ್ಡಗೀಟು ಹಾಕುತ್ತೇನೆ, ನನ್ನ ಸೊನ್ನೆ ಯಾವತ್ತೂ ಮುಚ್ಚಿಕೊಂಡಿರುತ್ತದೆ, ಇದು ಮೇಲುಗಡೆ ಬಾಯಿ ಬಿಟ್ಟುಕೊಂಡಿದೆ, ಇನ್ನೊಂದು, ಮತ್ತೊಂದು, ಏಳೂ ಬಾಯಿ ಬಿಟ್ಟುಕೊಂಡಿವೆ, ಈ ಮನೆಯಲ್ಲಿ ಸೊನ್ನೆಯನ್ನು ಹಾಗೆ ಅರೆಬರೆ ಬಿಡುವ ಮನುಷ್ಯ ಒಬ್ಬರೇ, ಆ ಸೊನ್ನೆಯ ವಿಷಯಕ್ಕೆ ಮದುವೆಯಾದ ವರ್ಷದಿಂದ ನಾನು ರೇಗಿಸಿಕೊಂಡು ಬಂದ ಗಂಡ. ಹತ್ತನೇ ದಿನ ನನ್ನನ್ನು ಆಸ್ಪತ್ರೆಗೆ ಕಳಿಸಿದರು, ಬಿಪಿ ಏರಿದೆ, ಎರಡು ದಿನ ಅಲ್ಲೇ ಇದ್ದು ಬಾ, ಮೊಟ್ಟೆ ನಾನು ನೋಡ್ಕೋತೀನಿ ಅಂದರು, ವಾಪಸ್ಸು ಬಂದಾಗ ಚಿಕ್ಕ ಮಗಳು ನೋಟುಬುಕ್ಕು ಮುಂದೆ ಹಿಡಿದಳು, ನೋಡಮ್ಮ, ಗಂಟೆಗೊಂದು ಸಲ ಶಾಖ ಬರೆದಿದೀನಿ, ಮೂವತ್ತೇಳೂವರೆ, ಮೂವತ್ತೇಳೂವರೆ, ಒಂದು ಪುಟದುದ್ದಕ್ಕೂ ಮೂವತ್ತೇಳೂವರೆ, ಕಣ್ಣು ಮಾತ್ರ ಮೇಲೆತ್ತಲಿಲ್ಲ. ಮೊಟ್ಟೆಯನ್ನು ದೀಪಕ್ಕೆ ಹಿಡಿದಾಗ ಒಳಗಿನ ರಕ್ತನಾಳಗಳು ನಾನು ಎಣಿಸಿದ್ದಕ್ಕಿಂತ ದಪ್ಪವಾಗಿದ್ದವು, ಪರವಾಗಿಲ್ಲ, ಚೆನ್ನಾಗಿ ಬೆಳೀತಿದಾವೆ ಅಂದುಕೊಂಡೆ, ನಾನು ಹುಡುಕುತ್ತಿದ್ದುದು ಕೆಂಪು ಉಂಗುರವನ್ನು, ಒಳಗಿನ ಜೀವ ಹೋದರೆ ರಕ್ತ ನಾಳಗಳನ್ನು ಬಿಟ್ಟು ಸರಿದು ಒಂದು ತೆಳ್ಳನೆ ಉಂಗುರವಾಗಿ ನಿಲ್ಲುತ್ತದೆ, ಅದು ಕಾಣಲಿಲ್ಲ, ಅಷ್ಟೇ ಸಾಕಾಯಿತು ನನಗೆ, ಬೇರೆಯವರ ಮೊಟ್ಟೆಯಾಗಿದ್ದರೆ ಕಂಡ ಕೂಡಲೇ ಹೇಳುತ್ತಿದ್ದೆ, ಇವು ಮೂವತ್ನಾಲ್ಕು ದಿನದ ಜಾತಿಯದ್ದಲ್ಲ ಕಣ್ರೀ ಬಾತಿನದ್ದು, ಯಾರಿಗೆ ಟೋಪಿ ಹಾಕ್ತೀರಿ ಅಂತ. ಮೊಟ್ಟೆಯ ವಿಷಯದಲ್ಲಿ ನನ್ನ ಕಿವಿಗೇ ಹೂವಿಟ್ಟರಲ್ಲ, ನಾನೂ ತಲೆ ಬಗ್ಗಿಸಿ ಇಡಿಸಿಕೊಂಡೆ.

ಇದು ಎರಡನೇ ಸಲ. ಮೊದಲನೆಯದು ಆ ಕಾರಿನಲ್ಲಿ, ಅವಳಿಗೆ ಸ್ವಲ್ಪ ಹುಷಾರಿಲ್ಲ, ಗಾಬರಿಯಾಗ್ಬೇಡ, ನಿನ್ನ ತಮ್ಮನ ಜೊತೆ ಹೊರಟು ಬಾ, ಅಂತ ಮೊದಲೇ ಅವಳ ಊರಿಗೆ ಹೋಗಿದ್ದ ಇವರ ಫೋನು, ಜ್ವರ ಎಷ್ಟಿದೆ ರೀ ಎಂದು ಕೇಳಿದೆ, ಜ್ವರ ಅಂದರೆ ನನಗೆ ಅಂಕಿ ಬೇಕು, ಹೇಳಿದರು, ನೂರೆರಡು. ಲ್ಯಾಬಿನ ಮೆಟ್ಟಿಲ ಮೇಲೆ ಕುಸಿದವಳು ಅಷ್ಟು ಹೊತ್ತಿಗೆ ತಣ್ಣಗಾಗಿದ್ದಳು, ಅವಳಿಗೆ ನೂರೆರಡು ಕೊಟ್ಟರು ಇವರು. ನಾನು ಥರ್ಮಾಮೀಟರು, ಬಿಸಿನೀರಿನ ಫ್ಲಾಸ್ಕು, ಅವಳ ಹಸಿರು ಸ್ವೆಟರು ಇಟ್ಟುಕೊಂಡು ಐದು ಗಂಟೆ ಕೂತೆ, ನೂರೆರಡಕ್ಕೆ ಒದ್ದೆಬಟ್ಟೆ ಹಾಕಿದರೆ ಇಳಿಯುತ್ತೆ ಕಣೋ ಎಂದು ದಾರಿಯುದ್ದಕ್ಕೂ ತಮ್ಮನಿಗೆ ಹೇಳಿದೆ, ಹೂಂ ಅಕ್ಕ, ಇಳಿಯುತ್ತೆ ಅಕ್ಕ, ಅಂತ ಅವನು ಕಿಟಕಿಯ ಕಡೆ ತಿರುಗಿಕೊಂಡ, ಡ್ರೈವರಿಗೂ ಗೊತ್ತಿತ್ತು, ಒಂದು ಸಲವೂ ಹಾರ್ನ್ ಹೊಡೆಯಲಿಲ್ಲ. ತಲುಪುವ ಹೊತ್ತಿಗೆ ಮುಖ ತೊಳೆಸಿ ತಲೆ ಬಾಚಿ ಮುಗಿಸಿದ್ದರು, ಬೈತಲೆ ಎಡಗಡೆ ತೆಗೆದಿದ್ದರು, ಅವಳು ಹುಟ್ಟಿದಾಗಿನಿಂದ ಬಲಗಡೆ, ನಾನು ಫ್ಲಾಸ್ಕು ಹಿಡಿದುಕೊಂಡೇ ನಿಂತಿದ್ದೆ, ಯಾರೋ ಕೈಯಿಂದ ಬಿಡಿಸಿಕೊಂಡರು. ನಿನ್ನ ಒಳ್ಳೇದಕ್ಕೇ ಕಣೇ, ದಾರೀಲಿ ನಿನಗೇನಾದ್ರೂ ಆದ್ರೆ, ಅಂದರು, ಅಂದರೆ ಐದು ಗಂಟೆ ಎಲ್ಲರೂ ಅವಳಿಗಾಗಿ ಅತ್ತಾಯಿತು, ನಾನೊಬ್ಬಳು ಜ್ವರ ಇಳಿಸುತ್ತಾ ಇದ್ದೆ, ಅದನ್ನು ನಾನು ಕ್ಷಮಿಸಿಲ್ಲ, ಹೊಟ್ಟೆಗೆ ಹಾಕಿಕೊಂಡಿದ್ದೇನೆ ಎಂದು ಅವರು ತಿಳಿದಿದ್ದಾರೆ.

ಪರದೆ ಸರಿಯಿತು, ಬಿಸಿಲಿನ ಒಂದು ಪಟ್ಟಿ, ಇವರ ಚಪ್ಪಲಿ, ಏನೇ, ಶಬ್ದ ಕೇಳಿಸ್ತಾ, ಒಡೀತಾ, ಅವಳ ಹಕ್ಕಿ ಬಂತೇನೇ, ಕಣ್ಣೊರೆಸಿಕೊಳ್ಳುತ್ತಿದ್ದಾರೆ, ನಟನೆಯಲ್ಲ, ಅದೇ ನನಗೆ ತಡೆಯಲಾರದ್ದು, ಈ ಮನುಷ್ಯ ತಾನೇ ಬದಲಾಯಿಸಿಟ್ಟ ಬಾತಿನ ಮೊಟ್ಟೆಯ ಮುಂದೆ ನಿಜವಾಗಿ ಅಳುತ್ತಿದ್ದಾರೆ. ಆ ಏಳು ಎಲ್ಲಿ ರೀ. ಯಾವ ಏಳು. ನನ್ನ ಸೊನ್ನೆ ಇದ್ದ ಏಳು. ಬಿಸಿಲಿನ ಪಟ್ಟಿಯಲ್ಲಿ ಧೂಳು ಆಡುತ್ತಿದೆ, ಅವರು ಕಾವುಪೆಟ್ಟಿಗೆಯ ಅಂಚು ಹಿಡಿದುಕೊಂಡರು, ನಲ್ಲಿ ಹತ್ತಿರ ಹೂತೆ, ಪ್ರೊಫೆಸರಿಗೂ ಹೇಳಿದೀನಿ, ಅವರೂ ಬೇಡ ಅಂದ್ರು, ಅಮ್ಮನಿಗೆ ಈಗ್ಲೇ ಹೇಳ್ಬೇಡಿ ಅಂದ್ರು, ನೀನು ತಡ್ಕೋತಿರಲಿಲ್ಲ ಕಣೇ, ಇನ್ನೊಂದು ಸಲ ನಿನ್ನ ಹಾಗೆ ನೋಡೋಕೆ ನನ್ನ ಕೈಲಿ ಆಗ್ತಿರಲಿಲ್ಲ. ಯಾವತ್ತು. ಒಂಬತ್ತನೇ ದಿನ, ನೀನು ಸ್ನಾನಕ್ಕೆ ಹೋಗಿದ್ದಾಗ ದೀಪಕ್ಕೆ ಹಿಡಿದೆ. ಒಂಬತ್ತು, ಆಸ್ಪತ್ರೆ ಹತ್ತಕ್ಕೆ, ಹಾಗಾದರೆ ಬಿಪಿಯೂ ಇವರೇ ಕೊಟ್ಟ ಅಂಕಿ, ನೂರೆರಡರ ಹಾಗೆ, ಎರಡು ದಿನ ಆಸ್ಪತ್ರೆಯ ಮಂಚದಲ್ಲಿ ಸುಮ್ಮನೆ ಮಲಗಿ ಚಾವಣಿ ನೋಡಿದೆ. ಏನು ಕಾಣಿಸಿತು, ಸರಿಯಾಗಿ ಹೇಳಿ. ಉಂಗುರ. ಎಷ್ಟರಲ್ಲಿ. ಏಳರಲ್ಲೂ ಕಣೇ. ಟಿಕ್, ಮೂರನೆಯದು, ಈ ಮರಿಯದೇನು ತಪ್ಪು, ಚಿಪ್ಪು ಒಣಗಬಾರದು, ಬಟ್ಟೆ ಒದ್ದೆ ಮಾಡಿ ಇಡಬೇಕು, ಇಡುತ್ತೇನೆ, ಕೈ ತಾನಾಗಿಯೇ ಮಾಡುತ್ತದೆ, ಆದರೆ ರೀ, ಅವು ಅವಳವು, ಸತ್ತಿದ್ದರೂ ಅವಳವು, ಎತ್ತಿ ದೀಪಕ್ಕೆ ಹಿಡಿದು ನಾನೇ ನೋಡಬೇಕಿತ್ತು, ಮೂವತ್ತು ವರ್ಷ ಊರವರದ್ದನ್ನೆಲ್ಲ ನೋಡಿದ ಕಣ್ಣು, ನನ್ನದನ್ನು ನೋಡಲು ಬಿಡಲಿಲ್ಲ, ಎರಡು ಸಲವೂ ನನಗಿಂತ ಮೊದಲು ನೀವು ನೋಡಿದಿರಿ, ಮಾತು ಹೊರಗೆ ಬಂತೋ ಇಲ್ಲವೋ, ಅವರು ಇನ್ನೂ ನಿಂತಿದ್ದಾರೆ, ದೀಪ ಉರಿಯುತ್ತಿದೆ, ಮುಂದೆ ಮೊಟ್ಟೆಯಿಲ್ಲ, ಆದರೂ ಕಾಣುತ್ತಿದೆ, ಕೆಂಪಗೆ, ತೆಳ್ಳಗೆ, ಎಲ್ಲೂ ಬಾಯಿ ಬಿಡದ ಉಂಗುರ, ಉಂಗುರ, ಕೆಂಪು ಉಂಗುರ