ಮೂರು ಸಾಲಿನ ಕಿಂಡಿ

ಹೊನ್ನೂರಿನ ವೀರಮ್ಮ ತಾವು ಬರೆದ ಒಂದೇ ಕಾದಂಬರಿಯ ಕೊನೆಯನ್ನು ಓದಿರಲಿಲ್ಲ.

ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದ ಪ್ರಾಯದಲ್ಲಿ ಅದನ್ನು ಬರೆದು, ಎಲ್ಲ ಹಕ್ಕುಗಳನ್ನೂ ಪ್ರಕಾಶಕರಿಗೆ ಒಪ್ಪಿಸಿದ್ದರು. ಗಂಡನ ಮನೆ ತೊರೆದ ಚಂದ್ರಿ ಸತ್ತೇಗಾಲದ ಬಳಿ ಹರಿಗೋಲು ಹತ್ತಿ ಕಾವೇರಿ ದಾಟುವಲ್ಲಿಗೆ ಅವರ ಕಥೆ ಮುಗಿದಿತ್ತು. ಹೆಣ್ಣು ಮನೆಗೆ ಮರಳದಿದ್ದರೆ ಪುಸ್ತಕ ಓಡುವುದಿಲ್ಲ, ಕೊನೆಯನ್ನು ನಾವೇ ತಿದ್ದಿಕೊಳ್ಳುತ್ತೇವೆ ಎಂದಿದ್ದರು ಪ್ರಕಾಶಕರು. ಅಚ್ಚಾದ ಪ್ರತಿ ವೀರಮ್ಮನವರ ಕೈಸೇರಲೇ ಇಲ್ಲ. ಬಸ್ ನಿಲ್ದಾಣಗಳಲ್ಲಿ ಮಾರಾಟವಾಗಿ ಪುಸ್ತಕ ಕಣ್ಮರೆಯಾಯಿತು. ಮುಂದೆ ಪ್ರಕಾಶನವೂ ಮುಚ್ಚಿತು.

ಹಳೆಯ ಪಾಕೆಟ್ ಕಾದಂಬರಿಗಳನ್ನು ಅರಸುತ್ತ ಊರೂರು ಅಲೆಯುವ ನಾನು ಅವರ ಜಗಲಿಗೆ ಬಂದದ್ದು ಪುಸ್ತಕ ಕೇಳಲು. ಅವರೇ ನನ್ನನ್ನು ಕೇಳಿದರು.

"ಚಂದ್ರೀನ ವಾಪಸ್ ಕಳ್ಸುಬುಟ್ರಾ ಏನು? ಅದೊಂದ ತಿಳ್ಕಬೇಕು ಕಣಪ್ಪ."

"ನಮ್ಮತ್ತೆಗೆ ನನ್ ಚಿಂತೆ ಇಲ್ಲ ಸಾ, ಆ ಚಂದ್ರಿದೇ ಚಿಂತೆ," ಎಂದಳು ಸೊಸೆ ನಾಗಶ್ರೀ.

"ನೀನು ಎಲ್ಗೂ ಓಯ್ತಾ ಇಲ್ವಲ್ಲ, ಸುಮ್ಕಿರು."

ನಾನು ಫೋನಿನಲ್ಲಿ ಹುಡುಕಿದೆ. ಯಾವುದೋ ಗ್ರಂಥಾಲಯದ ಪ್ರತಿಯನ್ನು ಒಂದು ಡಿಜಿಟಲ್ ಸಂಗ್ರಹ ಸ್ಕ್ಯಾನ್ ಮಾಡಿ ಇಟ್ಟಿತ್ತು. ಮುಖಪುಟ ಕಂಡಿತು, ಒಳಪುಟಗಳಿಗೆ ಬೀಗ. ಹಕ್ಕುದಾರರ ಅನುಮತಿ ಬೇಕಿತ್ತು, ಆ ಹಕ್ಕುದಾರರೇ ಇರಲಿಲ್ಲ.

"ಬರ್ದೋಳು ಇಲ್ಲೇ ಕೂತವ್ಳಲ್ಲ."

"ಹಕ್ಕು ನಿಮ್ಮ ಹತ್ರ ಇಲ್ವಲ್ಲಮ್ಮ. ಬರೆದವರು ತೀರ್ಕೊಂಡು ಅರವತ್ತು ವರ್ಷ ಆದ್ಮೇಲೆ ಎಲ್ರಿಗೂ ಬಿಡ್ತಾರೆ."

"ಅಂಗಾರೆ ನಾ ಬ್ಯಾಗ ಓಗ್ಬೇಕು ಅನ್ನು. ಪುಸ್ತಕ ಕಾಯ್ತಾ ಅದೆ."

ನಾಗಶ್ರೀ ನಕ್ಕಳು. ನನಗೆ ನಗು ಬರಲಿಲ್ಲ. ಕಾನೂನು ಯಾರೂ ವಾಸವಿಲ್ಲದ ಮನೆಗೆ ಕಾವಲು ನಿಂತಿತ್ತು. ಕೇಳುವವರಿಲ್ಲದ ಪುಸ್ತಕವನ್ನು ಬರೆದವರ ಕೈಗಾದರೂ ಹಿಂತಿರುಗಿಸುವ ಒಂದು ಸಾಲು ಅದರಲ್ಲಿ ಸೇರಬಾರದೇ ಎಂದುಕೊಂಡೆ.

ಒಂದು ಕಿಂಡಿ ಮಾತ್ರ ತೆರೆದಿತ್ತು. ಪುಸ್ತಕದಲ್ಲಿರುವ ಮಾತೊಂದನ್ನು ಕೊಟ್ಟರೆ, ಆ ಮಾತಿನ ಸುತ್ತಲಿನ ಮೂರು ಸಾಲು ಕಾಣುತ್ತಿತ್ತು.

ವೀರಮ್ಮ ಕಣ್ಣು ಮುಚ್ಚಿದರು. "ಬೆಂದ ಬೆರಳು."

ಬಂತು. ಕುದಿಯುವ ರೇಷ್ಮೆಗೂಡಿನಿಂದ ಎಳೆ ಹಿಡಿಯುತ್ತಿರುವ ಚಂದ್ರಿ, ಅವಳ ಬೆಂದ ಬೆರಳು, ಅಲ್ಲಿಗೇ ತುಂಡಾದ ವಾಕ್ಯ. ಮುಂದಿನದನ್ನು ವೀರಮ್ಮ ಬಾಯಲ್ಲೇ ಹೇಳಿದರು. ಅದರಿಂದ ಒಂದು ಪದ ಆರಿಸಿ ಕೊಟ್ಟೆ. ಮತ್ತೆ ಮೂರು ಸಾಲು, ಅವರು ಹೇಳಿದಂತೆಯೇ. ಅರ್ಧ ಶತಮಾನದ ಹಿಂದೆ ಅಗಲಿದ ವಾಕ್ಯಗಳು ಕರೆದವರ ದನಿ ಗುರುತಿಸಿ ಎದ್ದು ಬರುತ್ತಿದ್ದವು. ಒಳಗಿರುವುದನ್ನು ಮೊದಲೇ ಬಲ್ಲವರಿಗೆ ಮಾತ್ರ ತೆರೆಯುವ ಬಾಗಿಲು ಅದು. ಅಂಥವರು ಈ ಲೋಕದಲ್ಲಿ ಬಹುಶಃ ಒಬ್ಬರೇ ಉಳಿದಿದ್ದರು, ಅವರು ಎಲೆಯಡಿಕೆ ತಟ್ಟೆ ಪಕ್ಕಕ್ಕೆ ಸರಿಸಿ ನನ್ನೆದುರು ಕೂತಿದ್ದರು.

ಕೊನೆಯ ಅಧ್ಯಾಯ ಸಮೀಪಿಸಿದಾಗ ಅವರು ಹಿಂಜರಿದರು.

"ಚಂದ್ರಿ ಗಂಡನ ಎಸ್ರು ಆಕಪ್ಪ, ಬೆಳ್ಳಪ್ಪ ಅಂತ. ವಾಪಸ್ ಕಳ್ಸಿದ್ರೆ ಅವ್ನು ಅಲ್ಲಿರ್ಬೇಕು."

ಬೆಳ್ಳಪ್ಪನ ಹೆಸರಿದ್ದ ಸಾಲುಗಳೆಲ್ಲ ಪುಟಸಂಖ್ಯೆಯೊಡನೆ ಬಂದವು. ಕೊನೆಯ ಅಧ್ಯಾಯದಲ್ಲಿ ಅವನು ಎಲ್ಲೂ ಇರಲಿಲ್ಲ.

ವೀರಮ್ಮ ಉಸಿರು ಬಿಟ್ಟರು. ಹರಿಗೋಲು ಎಂದು ಹುಡುಕಿದೆ. ಕಟ್ಟಕಡೆಯ ಪುಟದ ಮೂರು ಸಾಲು ಬಂತು. ಗಟ್ಟಿಯಾಗಿ ಓದಿದೆ:

"ನಡುಹೊಳೆಯಲ್ಲಿ ಹರಿಗೋಲು ಸುತ್ತತೊಡಗಿತು. ಅಂಬಿಗ ಸೋತಿದ್ದ. ಚಂದ್ರಿ ಎದ್ದು ಅವನ ಕೈಯಿಂದ ಹುಟ್ಟು ತೆಗೆದುಕೊಂಡಳು. ಆಚೆಯ..."

"ಇದು ನಂದಲ್ಲ," ಎಂದರು ವೀರಮ್ಮ ಮೆಲ್ಲಗೆ. "ನಾ ಅವ್ಳ ಸುಮ್ನೆ ಕೂರ್ಸಿದ್ದೆ. ತಲೆ ತಗ್ಗುಸ್ಕಂಡು."

"ಪ್ರಕಾಶಕರು ಬರೆದಿರಬಹುದಾ?"

"ಆವಯ್ಯನ್ ಕೈಲಿ ಇಂಗೆ ಬರಿಯಕಾದದಾ?"

ಅಚ್ಚುಮೊಳೆ ಜೋಡಿಸುತ್ತಿದ್ದವರೋ, ಕರಡು ತಿದ್ದುತ್ತಿದ್ದವರೋ, ಹೆಸರಿಲ್ಲದ ಯಾರೋ ಒಬ್ಬರು ಅವಳನ್ನು ಹಿಂದಕ್ಕೆ ಕಳಿಸುವ ಬದಲು ಅವಳ ಕೈಗೆ ಹುಟ್ಟು ಕೊಟ್ಟಿದ್ದರು. ಆ ಕೈಯ ಹಕ್ಕನ್ನು ಯಾವ ಕಾನೂನು ಎಲ್ಲಿ ಬರೆದುಕೊಂಡೀತು?

"ಆಚೆ ದಡ ಸೇರುದ್ಲಾ ನೋಡಿ ಸಾ," ಎಂದಳು ನಾಗಶ್ರೀ.

ದಡ ಎಂದು ಕೊಟ್ಟೆ. ಮಿತಿ ಮುಗಿಯಿತು, ಈ ಪುಸ್ತಕದಿಂದ ಇನ್ನೇನೂ ತೋರಿಸಲಾಗದು ಎಂಬ ಸೂಚನೆ ಬಂತು. ಬೇರೆ ಪದ ಕೊಟ್ಟೆ, ಅದೇ ಸೂಚನೆ. ನಾಗಶ್ರೀ ಫೋನು ಕಸಿದುಕೊಂಡು ತಾನೇ ಒತ್ತತೊಡಗಿದಳು.

"ಬುಡವ್ವ," ಎಂದರು ವೀರಮ್ಮ. "ಹುಟ್ಟು ಅವ್ಳ ಕೈಲೇ ಅದೆಯಲ್ಲ."